ಸಂದೇಶ ಸರ್ವರ್‌ನ ಆವೃತ್ತಿ ಬದಲಾವಣೆ: ಮಳೆಗಾಲಕ್ಕೆ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

2023ರ ಅಕ್ಟೋಬರ್ 12ರಂದು ರಾಜ್ಯದ ಅನೇಕ ಮೊಬೈಲ್‌ಗಳು ಒಮ್ಮೆಲೇ ದೊಡ್ಡ ಸದ್ದು ಮಾಡಿದ್ದು ಮಾನ್ಯ ಸದಸ್ಯರಿಗೆ ನೆನಪಿರಬಹುದು. ಅದು ವಿಪತ್ತಿನ ಮುನ್ಸೂಚನೆಗಾಗಿ ಕೇಂದ್ರ ದೂರಸಂಪರ್ಕ ಇಲಾಖೆ ನಡೆಸಿದ ಪರೀಕ್ಷೆ. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಟ್ಟಿಗೆ ತಲುಪುವ ಆ ವಿಧಾನಕ್ಕೆ ಚಂದಾದಾರರ ಪಟ್ಟಿಯೇ ಬೇಕಿಲ್ಲ. ಗ್ರಾಮ ಪಂಚಾಯಿತಿಯು ತನ್ನ ಆ್ಯಪ್ ಅಥವಾ ಜಾಲತಾಣದ ಮೂಲಕ ಕಳುಹಿಸುವ ನೀರು ಸರಬರಾಜು, ಗ್ರಾಮಸಭೆ, ಮಳೆಯ ಎಚ್ಚರಿಕೆಗಳ ಸಂದೇಶ ಹಾಗಲ್ಲ. ಇಲ್ಲಿ ಪ್ರತಿಯೊಂದು ಫೋನಿಗೂ ಟೋಕನ್ ಎಂಬ ಪ್ರತ್ಯೇಕ ಗುರುತಿದ್ದು, ಆ ಟೋಕನ್‌ಗಳು ಸರ್ವರ್‌ನ ಡೇಟಾಬೇಸಿನಲ್ಲಿ ದಾಖಲಾಗಿರುತ್ತವೆ. ಆ ವಹಿ ಕೆಟ್ಟರೆ ಸರ್ವರ್ ನಡೆಯುತ್ತಲೇ ಇದ್ದರೂ ಸಂದೇಶ ಯಾರಿಗೂ ತಲುಪದು.

ನಡೆಯುತ್ತಿರುವುದನ್ನು ಬದಲಾಯಿಸುವುದೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಬರುವುದು ಸಹಜ. ಆಂಡ್ರಾಯ್ಡ್ ಫೋನುಗಳಿಗೆ ಸಂದೇಶ ಸಾಮಾನ್ಯವಾಗಿ ಗೂಗಲ್‌ನ ಫೈರ್‌ಬೇಸ್ ಸೇವೆಯ ಮೂಲಕವೇ ಹೋಗುತ್ತದೆ. ಆ ಸೇವೆಯ ಹಳೆಯ ವಿಧಾನವನ್ನು ಕೈಬಿಡುವುದಾಗಿ 2023ರ ಜೂನ್‌ನಲ್ಲಿ ಪ್ರಕಟಿಸಿದ ಗೂಗಲ್, 2024ರ ಜುಲೈ 22ರಿಂದ ಅದನ್ನು ಹಂತಹಂತವಾಗಿ ನಿಲ್ಲಿಸತೊಡಗಿತು. ಮಲೆನಾಡಿನ ಲೆಕ್ಕದಲ್ಲಿ ಅದು ಪುಷ್ಯ ಮಳೆಯ ಕಾಲ. ಆಗುಂಬೆ, ಹುಲಿಕಲ್ ಘಟ್ಟಗಳಲ್ಲಿ ಮಳೆ ಸುರಿಯುವ ದಿನಗಳಲ್ಲೇ ಹಳೆಯ ತಂತ್ರಾಂಶಗಳು ಮೂಕವಾಗುವ ಗಡುವು ಬಂದಿತ್ತು. ಕಂಪನಿಗಳು ನಮ್ಮ ಪಂಚಾಂಗ ನೋಡಿ ದಿನ ನಿಗದಿಪಡಿಸುವುದಿಲ್ಲ. ಆದುದರಿಂದ ಬದಲಾವಣೆಯ ಕಾಮಗಾರಿಯನ್ನು ಫೆಬ್ರವರಿ, ಮಾರ್ಚ್‌ನಲ್ಲಿಯೇ ಮುಗಿಸಿ, ಮೃಗಶಿರಾ ಮಳೆಗೆ ಮುನ್ನ ಕೆಲವು ವಾರ ನಡೆಸಿ ನೋಡುವುದು ಕ್ಷೇಮ.

ಡೇಟಾಬೇಸಿನದು ಇನ್ನೂ ಸೂಕ್ಷ್ಮ ವಿಷಯ. ಬಹುಬಳಕೆಯ ಪೋಸ್ಟ್‌ಗ್ರೆಸ್ಕ್ಯೂಎಲ್ ಡೇಟಾಬೇಸಿನ ಪ್ರತಿ ಮುಖ್ಯ ಆವೃತ್ತಿಗೆ 5 ವರ್ಷಗಳ ಬೆಂಬಲವಿದ್ದು, 12ನೆಯ ಆವೃತ್ತಿಯದು 2024ರ ನವೆಂಬರ್‌ನಲ್ಲಿ ಮುಗಿಯಿತು. 12.1ರಿಂದ 12.22ಕ್ಕೆ ಹೋಗುವುದು ಸಣ್ಣ ದುರಸ್ತಿಯಷ್ಟೆ. ಕಡತಗಳು ಇದ್ದಂತೆಯೇ ಇರುತ್ತವೆ. 12ರಿಂದ 16ಕ್ಕೆ ಹೋಗುವಾಗ ಹಳೆಯ ಕಡತಗಳನ್ನು ಹೊಸ ತಂತ್ರಾಂಶ ನೇರವಾಗಿ ಓದಲಾರದು. ತೆರಿಗೆಯ ಬೇಡಿಕೆ ವಹಿಯ ನಮೂನೆ ಬದಲಾದಾಗ ಬಾಕಿಗಳನ್ನೆಲ್ಲ ಹೊಸ ವಹಿಗೆ ಬರೆದುಕೊಳ್ಳುವಂತೆ ಇಲ್ಲಿಯೂ ಎಲ್ಲವನ್ನೂ ಪರಿವರ್ತಿಸಬೇಕು. ನಕಲು ಆರಂಭವಾದ ಮೇಲೆ ಹಳೆಯ ಸರ್ವರ್‌ನಲ್ಲಿ ನೋಂದಣಿಯಾದವರು ಹೊಸ ವಹಿಯಲ್ಲಿ ಇರುವುದಿಲ್ಲ. ಹೀಗಾಗಿ ನೋಂದಣಿಯನ್ನು ಮೊದಲೇ ನಿಲ್ಲಿಸಬೇಕು. ಬ್ಯಾಕಪ್ ಇದೆ ಎಂಬ ಮಾತಿಗೆ ಬೆಲೆಯಿಲ್ಲ. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು, ಟೋಕನ್‌ಗಳ ಸಂಖ್ಯೆಯನ್ನು ಹಳೆಯದರೊಡನೆ ತಾಳೆ ನೋಡಿದ ನಂತರವಷ್ಟೇ ಅದು ಬ್ಯಾಕಪ್.

ಗುತ್ತಿಗೆದಾರರು ಸಾಮಾನ್ಯವಾಗಿ ಪ್ರಸ್ತಾಪಿಸದ ವಿಷಯವೊಂದಿದೆ. ಟೋಕನ್‌ಗಳು ಯಾವ ಫೈರ್‌ಬೇಸ್ ಖಾತೆಯ ಯೋಜನೆಯಲ್ಲಿ ಹುಟ್ಟಿದವೋ ಅದಕ್ಕೇ ಬದ್ಧವಾಗಿರುತ್ತವೆ. ಬ್ರೌಸರ್ ಮೂಲಕ ಬರುವ ಸಂದೇಶಗಳು ಸರ್ವರ್‌ನ ಗೋಪ್ಯ ಕೀಲಿಗೆ ಬದ್ಧ. ಈ ಕೀಲಿ ಪಂಚಾಯಿತಿಯ ಮೊಹರಿನಂತೆ. ಹೊಸ ಸರ್ವರ್ ಹೊಸ ಕೀಲಿಯಿಂದ ಸಹಿ ಮಾಡಿದರೆ ಹಳೆಯ ಚಂದಾದಾರರಿಗೆ ಹೊರಟ ಸಂದೇಶ ತಿರಸ್ಕೃತವಾಗುತ್ತದೆ, ಮನೆಮನೆಗೆ ಹೋಗಿ ಮರುನೋಂದಣಿ ಮಾಡಿಸಬೇಕಾಗುತ್ತದೆ. ಖಾತೆ ಗುತ್ತಿಗೆದಾರರ ಹೆಸರಿನಲ್ಲಿದ್ದರೆ ಗುತ್ತಿಗೆ ಬದಲಾದ ದಿನವೇ ಪಟ್ಟಿ ನಿರುಪಯುಕ್ತ. ಖಾತೆಯು ಪಂಚಾಯಿತಿಯ ಹೆಸರಿನಲ್ಲಿರಬೇಕು, ಕೀಲಿಯ ಪ್ರತಿ ಕಚೇರಿಯ ಸುಪರ್ದಿಯಲ್ಲಿರಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸುವ ಅಧಿಕಾರ ಸಭೆಗಿದೆ.

ಇನ್ನು ಸರದಿಯಲ್ಲಿ ಉಳಿದ ಸಂದೇಶಗಳು. ಭಾರೀ ಮಳೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಿಗೆ ರಜೆ ಘೋಷಿಸಿದ ಸಂದೇಶವೊಂದು ಹಳೆಯ ಬ್ಯಾಕಪ್‌ನ ಸರದಿಯಲ್ಲಿ ಉಳಿದಿದ್ದರೆ, ಹೊಸ ಸರ್ವರ್ ಚಾಲೂ ಆದೊಡನೆ ಅದು ಮತ್ತೆ ಹೊರಟೀತು. ಬಿಸಿಲಿನ ದಿನ ಮಕ್ಕಳು ಮನೆಯಲ್ಲಿ ಉಳಿದರೆ ನಕ್ಕು ಸುಮ್ಮನಾಗಬಹುದು. ಲಿಂಗನಮಕ್ಕಿಯ ಮಟ್ಟ 1819 ಅಡಿ ಸಮೀಪಿಸಿದೆ ಎಂಬ ಹೋದ ವರ್ಷದ ಎಚ್ಚರಿಕೆ ಬಂದರೆ ಮುಂದಿನ ನಿಜವಾದ ಎಚ್ಚರಿಕೆಯನ್ನು ಜನ ನಂಬುವುದಿಲ್ಲ. ಸರದಿಯನ್ನು ಖಾಲಿ ಮಾಡಿಯೇ ಆರಂಭಿಸಬೇಕು. ಸಂದೇಶದ ಆಯುಷ್ಯವನ್ನೂ ನಿಗದಿಪಡಿಸಬೇಕು. ಅವಧಿ ಹೇಳದಿದ್ದರೆ ಫೈರ್‌ಬೇಸ್ ಸಂದೇಶವನ್ನು 4 ವಾರ ಕಾಯ್ದಿಡುತ್ತದೆ. ಹಿನ್ನೀರಿನಾಚೆಯ ತುಮರಿ ಭಾಗದಲ್ಲಾಗಲಿ, ಹೊಸನಗರದ ಕಾಡಂಚಿನ ಮನೆಗಳಲ್ಲಾಗಲಿ ನೆಟ್‌ವರ್ಕ್ ಸಿಗದ ಫೋನು ಪೇಟೆಗೆ ಬಂದೊಡನೆ ಹಳಸಿದ ಎಚ್ಚರಿಕೆ ಮೊಳಗುತ್ತದೆ. ಮಳೆಯ ಎಚ್ಚರಿಕೆಗೆ ಕೆಲವು ಗಂಟೆ ಸಾಕು. ಗ್ರಾಮಸಭೆಯ ಸೂಚನೆಗೆ ಸಭೆಯ ದಿನದವರೆಗೆ ಇರಲಿ.

ಬದಲಾವಣೆಯ ದಿನ ಸೇವೆ ಕೆಲವು ಗಂಟೆ ನಿಲ್ಲುವುದರಿಂದ ಮುಂಚಿತವಾಗಿ ಡಂಗುರ ಸಾರಿಸಿ, ನೀರುಗಂಟಿ ಹಾಗೂ ಆಶಾ ಕಾರ್ಯಕರ್ತೆಯರಿಗೆ ತಿಳಿಸಬೇಕು. ನಂತರ ಪ್ರತಿ ವಾರ್ಡಿನ ಸದಸ್ಯರ ಫೋನಿಗೆ ಪರೀಕ್ಷಾ ಸಂದೇಶ ಕಳುಹಿಸಿ, ತಲುಪಿದ ಸಮಯವನ್ನು ನಡವಳಿಯಲ್ಲಿ ದಾಖಲಿಸತಕ್ಕದ್ದು. ನೆಟ್‌ವರ್ಕ್ ದುರ್ಬಲವಾದ ವಾರ್ಡಿನಿಂದ ಉತ್ತರ ಬರುವ ತನಕ ಬಿಲ್ ಪಾವತಿಗೆ ಅನುಮೋದನೆ ನೀಡುವುದು ಬೇಡ. ಹಳೆಯ ಸರ್ವರನ್ನು ಒಂದು ತಿಂಗಳು ಹಾಗೆಯೇ ಇರಿಸಿ, ಆಮೇಲೆ ಅದರಲ್ಲಿರುವ ಗ್ರಾಮಸ್ಥರ ಸಂಖ್ಯೆಗಳನ್ನು ಅಳಿಸಿದ ಬಗ್ಗೆ ಗುತ್ತಿಗೆದಾರರಿಂದ ಲಿಖಿತ ದೃಢೀಕರಣ ಪಡೆಯತಕ್ಕದ್ದು.