ಗೊತ್ತಿಲ್ಲದವರ ಪ್ರಶ್ನೆ, ಗೊತ್ತಿದ್ದವರ ತಕರಾರು

ಕನ್ನಡದಲ್ಲಿ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರ ಕೈ ಸೇರಿದ ಮೇಲೆ ಸಾಮಾನ್ಯವಾಗಿ ನೇರ ಡಿಟಿಪಿಗೆ ಹೋಗುತ್ತದೆ. ಅಲ್ಲಿಂದ ಕರಡು ತಿದ್ದುವವರ ಬಳಿಗೆ, ಆಮೇಲೆ ಅಚ್ಚಿಗೆ. ಕಾಗುಣಿತ ನೋಡುವವರು ಸಿಗುತ್ತಾರೆ, 'ಈ ಪಾತ್ರ ಇಷ್ಟು ಹೊತ್ತು ಎಲ್ಲಿ ಹೋಗಿತ್ತು?' ಎಂದು ಕೇಳುವವರು ಅಪರೂಪ. ಹಾಗಂತ ಕೇಳುವ ಪರಂಪರೆಯೇ ನಮ್ಮಲ್ಲಿ ಇರಲಿಲ್ಲ ಎನ್ನುವಂತಿಲ್ಲ. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆಯಲ್ಲಿ ಜಿ.ಬಿ. ಜೋಶಿಯವರ ಜೊತೆ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿದ್ದರು. 'ಯಯಾತಿ', 'ಸಂಸ್ಕಾರ' ಹೊರಬಂದದ್ದು ಗ್ರಂಥಮಾಲೆಯ ಕಚೇರಿಯಾಗಿದ್ದ ಅಟ್ಟದಿಂದಲೇ.

ನಮ್ಮ ಮಂಡ್ಯ ಸೀಮೆಯ ಹೆಸರೆತ್ತಿದರೆ ಮೊದಲು ನೆನಪಾಗುವುದು ಕವಿಗಳು, ಪ್ರಬಂಧಕಾರರು: ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್. ಕಾದಂಬರಿ ಎಂದರೆ ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರ 'ದೊಡ್ಡಮನೆ' ಇದೆ. ಸಂಪಾದಕರೆಂದರೆ ಜಿ. ವೆಂಕಟಸುಬ್ಬಯ್ಯ. ಅವರ ಹೆಸರಿನ 'ಜಿ' ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. ನಿಘಂಟಿನ ಸಂಪಾದಕರು ಪ್ರತಿ ಪದಕ್ಕೂ ಪ್ರಯೋಗದ ಆಧಾರ ಕೇಳುತ್ತಾರೆ. ಪಾತ್ರದ ಪ್ರತಿ ನಡೆಗೂ ಹಾಗೆ ಆಧಾರ ಕೇಳುವವರು ನನಗೆ ಸಿಕ್ಕಿದ್ದು ಕರಾವಳಿಯಿಂದ.

ನನ್ನ ಕಾದಂಬರಿಯಲ್ಲಿ ಎರಡು ಬೀಗರ ಮನೆಗಳು. ಒಂದು ಪಾಂಡವಪುರದ ನಾಲೆಯ ಬಯಲಿನಲ್ಲಿ, ಇನ್ನೊಂದು ಮಳೆ ನಂಬಿದ ನಾಗಮಂಗಲದ ಹೊಲಗಳ ನಡುವೆ. ವ್ಯಾಪಾರಕ್ಕೆ ಕೆ.ಆರ್. ಪೇಟೆ, ವ್ಯಾಜ್ಯಕ್ಕೆ ಶ್ರೀರಂಗಪಟ್ಟಣದ ಕೋರ್ಟು. ಹಸ್ತಪ್ರತಿ ಓದಲು ಒಪ್ಪಿದವರು ಸ್ವತಃ ಕಥೆಗಾರ್ತಿ. ಕಡಲ ಕಡೆ ಹುಟ್ಟಿ ಬೆಂಗಳೂರಿನಲ್ಲಿ ಇರುವವರು, ಮಂಡ್ಯ ಜಿಲ್ಲೆಯನ್ನು ಮೈಸೂರಿನ ರೈಲಿನ ಕಿಟಕಿಯಿಂದ ಮಾತ್ರ ಕಂಡವರು. ಇವರಿಗೇನು ತಿಳಿದೀತು ಎಂಬ ಅಳುಕು ನನಗಿತ್ತು.

ಮೊದಲ ಓದಿನಲ್ಲಿ ಅವರು ಪೆನ್ಸಿಲ್ ಹಿಡಿಯುವುದಿಲ್ಲ. ಓದಿ ಮುಗಿಸಿ ಒಂದು ಪತ್ರ ಬರೆಯುತ್ತಾರೆ, ಅದರ ತುಂಬ ಪ್ರಶ್ನೆಗಳು. 'ನಾಗಮಂಗಲದ ಮಾವ ಬೆಳಗಾದರೆ ಆಕಾಶ ನೋಡುತ್ತಾನೆ, ಪಾಂಡವಪುರದ ಮಾವ ಪೇಪರ್ ನೋಡುತ್ತಾನೆ. ಯಾಕೆ?' ನಮ್ಮಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕೆ.ಆರ್.ಎಸ್. ನೀರಿನ ಮಟ್ಟ ಎಷ್ಟಾಯಿತು, 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ದಿನಾ ಪತ್ರಿಕೆಯಲ್ಲಿ ಬರುತ್ತದೆ. ನಾಲೆಗೆ ನೀರು ಬಿಡುವುದೋ ಇಲ್ಲವೋ ಎಂಬುದು ಆ ಅಂಕಿಯ ಮೇಲೆ ನಿಂತಿದೆ. ನಾಲೆಯ ಬಯಲಿನವನಿಗೆ ಕೊಡಗಿನಲ್ಲಿ ಮಳೆಯಾದರೆ ಸಾಕು, ನಾಗಮಂಗಲದವನಿಗೆ ತನ್ನ ಹೊಲದ ಮೇಲೇ ಆಗಬೇಕು. ಇಡೀ ಕಾದಂಬರಿಯ ಜಗಳ ಇದರಲ್ಲೇ ಇದ್ದರೂ ನಾನದನ್ನು ಎಲ್ಲೂ ದೃಶ್ಯವಾಗಿ ಬರೆದಿರಲಿಲ್ಲ. ನಮಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲವಲ್ಲ! ಬೀಗರಿಬ್ಬರೂ ಒಂದೇ ಜಗಲಿಯ ಮೇಲೆ ಕೂತು, ಒಬ್ಬ ಪೇಪರ್ ಬಿಡಿಸುವ, ಇನ್ನೊಬ್ಬ ಮೋಡ ನೋಡುವ ಅಧ್ಯಾಯ ಆ ಪ್ರಶ್ನೆಯಿಂದ ಬಂತು.

ಇನ್ನೊಂದು ಪ್ರಶ್ನೆ ಹಸ್ತಪ್ರತಿಯ ಬೆನ್ನುಮೂಳೆಯನ್ನೇ ಬದಲಿಸಿತು. 'ಕಬ್ಬು ನೆಟ್ಟರೆ ಎಷ್ಟು ದಿನಕ್ಕೆ ಕಡಿಯುತ್ತಾರೆ?' ಹೆಚ್ಚುಕಡಿಮೆ ಒಂದು ವರ್ಷ ಎಂದೆ. 'ರಾಗಿ?' ನಾಲ್ಕು ತಿಂಗಳ ಆಸುಪಾಸು. 'ಹಾಗಾದರೆ ಎರಡೂ ಮನೆಯಲ್ಲಿ ಕಾಲ ಒಂದೇ ಸಮನೆ ಯಾಕೆ ಓಡುತ್ತಿದೆ?' ಗೋಡೆಗೊಂದು ದೊಡ್ಡ ಹಾಳೆ ಅಂಟಿಸಿ ಒಂದು ಗೆರೆಯಲ್ಲಿ ಕಬ್ಬು, ಇನ್ನೊಂದರಲ್ಲಿ ರಾಗಿ, ಮೂರನೆಯದರಲ್ಲಿ ಫಾಲ್ಗುಣದ ಮೇಲುಕೋಟೆ ವೈರಮುಡಿ, ಆಲೆಮನೆಯ ದಿನಗಳು, ಮದುವೆ, ಬಾಣಂತನ ಗುರುತು ಹಾಕಿದೆ. ರಾಗಿ ಕಣ ಸೇರಿದ ಮೇಲೆ ನಾಗಮಂಗಲದ ಮನೆಯವರು ಕೂಲಿ ಹುಡುಕಿಕೊಂಡು ಹೊರಡುತ್ತಾರೆ. ಪಾಂಡವಪುರದ ಮನೆಯಲ್ಲಿ ಆಗಿನ್ನೂ ಕಬ್ಬು ಗದ್ದೆಯಲ್ಲೇ ಇರುತ್ತದೆ, ಅದರ ಮೇಲಿನ ಸಾಲ ಬೆಳೆಯುತ್ತಿರುತ್ತದೆ. ಅಧ್ಯಾಯಗಳ ಉದ್ದ ಈ ಲಯಕ್ಕೆ ಬಿದ್ದಾಗ, ಜಾಳಾಗಿದೆ ಅನ್ನಿಸುತ್ತಿದ್ದ ಮಧ್ಯಭಾಗ ಬಿಗಿಯಾಯಿತು.

ಕತ್ತರಿಯ ಮಾತು ಬಂದಾಗ ಜಗಳವಾಡಿದೆವು. ನಾಗಮಂಗಲದ ಹಿತ್ತಾಳೆ ಕೆಲಸದ ಬಗ್ಗೆ ನಾನೊಂದು ಅಧ್ಯಾಯ ಬರೆದಿದ್ದೆ: ಮೇಣದ ಅಚ್ಚು, ಅದಕ್ಕೆ ಮೆತ್ತುವ ಮಣ್ಣು, ಕರಗಿದ ಲೋಹ ಹೊಯ್ಯುವುದು, ಮಣ್ಣು ಒಡೆದು ಅರ ಹಾಕುವುದು. ನನಗೆ ಬಲು ಪ್ರೀತಿಯ ಪುಟಗಳು. 'ಇಲ್ಲಿ ಯಾರಿಗೆ ಏನಾಗುತ್ತದೆ?' ಎಂದು ಅಂಚಿನಲ್ಲಿ ಬರೆದರು. ಪೂರ್ತಿ ತೆಗೆಯಿರಿ ಎಂಬುದು ಅವರ ಸಲಹೆ, ಪೂರ್ತಿ ಬಿಡಿ ಎಂಬುದು ನನ್ನ ಹಟ. ಕೊನೆಗೆ ಮೂಲೆಗೆ ಸರಿದಿದ್ದ ಕಿರಿಮಗನನ್ನು ಆ ಕುಲುಮೆಗೆ ಕೆಲಸಕ್ಕೆ ಕಳಿಸಿದೆ. ಕೆಲಸದ ವಿವರವೆಲ್ಲ ಅವನು ಸುಟ್ಟುಕೊಂಡ ಕೈಯ ಮೂಲಕ ಬಂತು, ಪುಟಗಳೂ ತಾವಾಗಿಯೇ ಇಳಿದವು. ಹಾರ್ಪರ್ ಲೀಯ ಮೊದಲ ಹಸ್ತಪ್ರತಿಯನ್ನು ಸಂಪಾದಕಿ ಟೇ ಹೋಹಾಫ್ ಮತ್ತೆ ಮತ್ತೆ ಬರೆಸಿದ್ದರಿಂದಲೇ 1960ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಹುಟ್ಟಿತು ಎಂದು ಅವರು ನೆನಪಿಸುತ್ತಿದ್ದರು. ಲೀಗೆ ಆಗ ಎಷ್ಟು ಸಿಟ್ಟು ಬಂದಿತ್ತೋ, ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ರಚನೆ ಗಟ್ಟಿಯಾದ ಮೇಲಷ್ಟೇ ಊರಿನವರಿಗೆ ಓದಿ ಹೇಳಿದೆ. ಈ ಕ್ರಮ ಅದಲುಬದಲಾಗಬಾರದು ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಊರಿನವರು ಕಥೆಯಲ್ಲಿ ಮೊದಲು ಹುಡುಕುವುದು ನೆಂಟರನ್ನು. 'ಇದು ಮೇಗಲಟ್ಟಿ ಗೌಡ್ರ ಮನೆ ಸಂಗ್ತಿ ಅಲ್ವಾ?' ಈ ಕಾರಣಕ್ಕೇ ಪೇಟೆ, ಹೊಳೆ, ನಾಲೆಗಳ ಹೆಸರು ನಿಜದ್ದೇ ಇಟ್ಟು, ಎರಡೂ ಹಳ್ಳಿಗಳ ಹೆಸರನ್ನು ಕಟ್ಟಿಕೊಂಡೆವು. ಆದರೆ ಅವರಿಗೆ ತಿಳಿದದ್ದು ಯಾವ ಸಂಪಾದಕರಿಗೂ ತಿಳಿಯದು. ಮುಪ್ಪಿನ ನೀರುಗಂಟಿಯೊಬ್ಬರು ವಿಶ್ವೇಶ್ವರಯ್ಯ ನಾಲೆಯ ದೃಶ್ಯ ಕೇಳಿ, ರಾತ್ರಿ ಸರದಿಯ ನೀರಿಗೆ ಕಾಯುವವನು ಲಾಟೀನನ್ನು ಎಲ್ಲಿಡುತ್ತಾನೆ, ತೂಬಿನ ಬಾಯಿಗೆ ಏನು ತುರುಕುತ್ತಾನೆ ಎಂದು ಒಂದೊಂದಾಗಿ ಹೇಳಿದರು. ಕೆ.ಆರ್.ಎಸ್. ಕಟ್ಟೆಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ನಾಲೆಯ ಲೆಕ್ಕವೇ ಬೇರೆ, ಆ ಕಟ್ಟೆಗಿಂತ ಎಷ್ಟೋ ಹಳೆಯದಾದ ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯ ಲೆಕ್ಕವೇ ಬೇರೆ ಎಂದೂ ಗದರಿದರು.

ಭಾಷೆಯ ಕೆಲಸ ಕೊನೆಗೆ. ಸಂಭಾಷಣೆ ನಮ್ಮ ಮಾತಿನಲ್ಲೇ ಇರಬೇಕು ಎಂಬುದರಲ್ಲಿ ತಕರಾರಿರಲಿಲ್ಲ. ಆದರೆ ಒಂದು ಪುಟದಲ್ಲಿ 'ಬಂದವ್ನೆ', ಇನ್ನೊಂದರಲ್ಲಿ 'ಬಂದಿದ್ದಾನೆ' ಎಂದು ಒಂದೇ ಬಾಯಿ ಎರಡು ಬಗೆ ಆಡಬಾರದಲ್ಲ? ಪಾತ್ರಕ್ಕೊಂದು ಪಟ್ಟಿ ಮಾಡಿದೆವು: ಯಾರು 'ಐತೆ' ಅನ್ನುತ್ತಾರೆ, ಯಾರು ಓದಿಕೊಂಡು 'ಇದೆ'ಗೆ ಬಡ್ತಿ ಪಡೆದಿದ್ದಾರೆ, ಸಿಟ್ಟು ಬಂದಾಗ ಯಾರು ವಾಪಸ್ 'ಐತೆ'ಗೆ ಇಳಿಯುತ್ತಾರೆ. ಇಷ್ಟೆಲ್ಲ ಪುಟ ಕಟ್ಟುವ ಮುಂಚೆಯೇ ಮುಗಿಯಬೇಕು. ಯೂನಿಕೋಡ್‌ನಿಂದ ಹಳೆಯ ನುಡಿ ಫಾಂಟಿಗೆ ಹೋಗಿ ಪುಟವಾದ ಮೇಲೆ ಒಂದು ಸಾಲು ಸೇರಿಸಿದರೂ ಒತ್ತಕ್ಷರ ಒಡೆಯುತ್ತದೆ, ಪುಟ ಜಾರುತ್ತದೆ, ಡಿಟಿಪಿಯವರ ಮುಖ ಕಪ್ಪಾಗುತ್ತದೆ.

ಇನ್ನು ಹಣ. 250 ರೂಪಾಯಿ ಬೆಲೆಯ ಪುಸ್ತಕದ 1,000 ಪ್ರತಿ ಅಚ್ಚಾಗಿ ಎಲ್ಲವೂ ಖರ್ಚಾಯಿತು ಎಂದಿಟ್ಟುಕೊಂಡರೂ ಶೇ 10ರ ಗೌರವಧನ 25,000 ರೂಪಾಯಿ. ತಿಂಗಳುಗಟ್ಟಲೆ ಕೂತು ಓದಿದವರಿಗೆ ಅದರಲ್ಲಿ ಏನು ಕೊಡುವುದು? ನಮ್ಮ ಹೊಲಗಳಲ್ಲಿ ನಾಟಿಗೆ, ಕಳೆಗೆ ಮುಯ್ಯಾಳು ಹೋಗುವ ಪದ್ಧತಿಯುಂಟು: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ನಾವೂ ಹಾಗೇ ಮಾಡಿಕೊಂಡೆವು. ಅವರ ಹೊಸ ಕಥಾಸಂಕಲನದ ಹಸ್ತಪ್ರತಿ ಈಗ ನನ್ನ ಬಳಿ ಇದೆ. ಬಲೆ, ದೋಣಿ, ಅಳಿವೆ ಯಾವುದೂ ನನಗೆ ಗೊತ್ತಿಲ್ಲ. ಪ್ರಶ್ನೆಗಳನ್ನು ಬರೆಯಲು ಶುರು ಮಾಡಿದ್ದೇನೆ.