ತಟ್ಟುಕುದುರೆಯ ಉಬ್ಬಸ: ಮೇವು ಮತ್ತು ಹಾಸುಗಳ ವಿಚಾರ

ಉಬ್ಬಸವು ಮನುಷ್ಯನನ್ನು ಮಾತ್ರ ಪೀಡಿಸುವ ವ್ಯಾಧಿಯೆಂಬುದು ಅನೇಕರ ತಿಳಿವಳಿಕೆ. ಆದರೆ ಲಾಯದಲ್ಲಿ ಕಟ್ಟಿ ಸಾಕುವ ಕುದುರೆಗಳಿಗೂ ಇದನ್ನು ಬಹುಮಟ್ಟಿಗೆ ಹೋಲುವ ವ್ಯಾಧಿಯೊಂದುಂಟು. ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ ಸ್ವತಃ ಉಬ್ಬಸದ ರೋಗಿ. ಆತ 1698ರಲ್ಲಿ ಪ್ರಕಟಿಸಿದ ಉಬ್ಬಸದ ಕುರಿತ ಗ್ರಂಥದಲ್ಲಿ, ಉಸಿರು ಕೆಟ್ಟ ಹೆಣ್ಣುಕುದುರೆಯೊಂದರ ಶ್ವಾಸಕೋಶವನ್ನು ಪರೀಕ್ಷಿಸಿ ಕಂಡುದನ್ನೂ ವಿವರಿಸಿದ್ದಾನೆ. ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳನ್ನು ಪಡೆದ ಈ ವ್ಯಾಧಿಯನ್ನು 2016ರ ಈಚೆಗೆ ಪಶುವೈದ್ಯರು ಸಾಮಾನ್ಯವಾಗಿ ‘ಅಶ್ವ ಉಬ್ಬಸ’ವೆಂದೇ ಕರೆಯುತ್ತಾರೆ.

ಚಳಿಮಳೆಗಳ ನಾಡಾದ ಬ್ರಿಟನ್ನಿನಲ್ಲಿ ಈ ಸಂಕಟ ಬಹಳ ಪರಿಚಿತವಾದುದು. ಪೋನಿಗಳೆಂದು ಕರೆಯಲ್ಪಡುವ ಶೆಟ್ಲೆಂಡ್, ವೆಲ್ಷ್ ಮೊದಲಾದ ತಟ್ಟುಕುದುರೆಗಳು ಮೂಲತಃ ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿ ಮೇಯ್ದು ಬದುಕಿದ ತಳಿಗಳು. ಚಳಿಗಾಲ ಬಂದಿತೆಂದರೆ ಒಡೆಯನ ಅಕ್ಕರೆ ಅವುಗಳನ್ನು ಲಾಯದೊಳಗೆ ತರುತ್ತದೆ. ದಪ್ಪನಾದ ಹುಲ್ಲಿನ ಹಾಸು, ಬೆಚ್ಚಗಿರಲೆಂದು ಮುಚ್ಚಿದ ಕಿಟಕಿ, ಮುಖದೆತ್ತರಕ್ಕೆ ತೂಗುಹಾಕಿದ ಒಣಹುಲ್ಲಿನ ಬಲೆಚೀಲ: ಈ ಮೂರು ಉಪಚಾರಗಳೇ ಅನೇಕ ತಟ್ಟುಗಳ ಉಸಿರನ್ನು ಕಟ್ಟಿಸುತ್ತವೆ.

ಕಾರಣವನ್ನು ಹುಲ್ಲಿನ ಪಿಂಡಿಯಲ್ಲಿ ಹುಡುಕಬೇಕು. ಮಳೆಯ ಬಿಡುವಿನಲ್ಲಿ ಅವಸರದಿಂದ ಕೊಯ್ದು, ಪೂರ್ತಿ ಒಣಗುವ ಮುನ್ನವೇ ಕಟ್ಟಿದ ಹುಲ್ಲಿನಲ್ಲಿ ತೇವಾಂಶವು ನೂರಕ್ಕೆ 20ರಷ್ಟನ್ನು ಮೀರಿದರೆ ಪಿಂಡಿಯ ಒಡಲು ಕಾವೇರುತ್ತದೆ. ಆ ಕಾವಿನಲ್ಲಿ ಆಸ್ಪರ್ಜಿಲಸ್ ಮೊದಲಾದ ಬೂಷ್ಟುಗಳೂ ಬಿಸಿಯನ್ನು ಬಯಸುವ ಕೆಲವು ಸೂಕ್ಷ್ಮಾಣುಗಳೂ ಹುಲುಸಾಗಿ ಬೆಳೆಯುತ್ತವೆ. ಅವುಗಳ ಬೀಜಕಣಗಳಲ್ಲಿ ಬಹಳಷ್ಟು 5 ಮೈಕ್ರಾನಿಗಿಂತಲೂ ಸಣ್ಣವಾದುದರಿಂದ ಶ್ವಾಸಕೋಶದ ತೀರ ಒಳಗಿನ ಕವಲುಗಳವರೆಗೆ ಇಳಿಯಬಲ್ಲವು. ನೋಟಕ್ಕೆ ಚೆನ್ನಾಗಿರುವ ಹುಲ್ಲಿನಲ್ಲಿಯೂ ಇಂಥ ಧೂಳು ಇಲ್ಲದಿಲ್ಲ. ಕುದುರೆಯಾದರೋ ಬಾಯಿಯಿಂದ ಉಸಿರಾಡಲಾರದು. ಮೂಗನ್ನು ಮೇವಿನಲ್ಲಿ ಹುದುಗಿಸಿಕೊಂಡೇ ಗಂಟೆಗಟ್ಟಲೆ ತಿನ್ನುತ್ತದೆ. ಸೂಕ್ಷ್ಮಪ್ರಕೃತಿಯ ಪ್ರಾಣಿಯಲ್ಲಿ ಶ್ವಾಸನಾಳಗಳು ಇದರಿಂದ ಬಾತು, ಬಿಗಿದು, ಲೋಳೆಯಿಂದ ಕಟ್ಟಿಕೊಳ್ಳುತ್ತವೆ.

ಮೊದಮೊದಲು ಕಾಣುವುದು ಮೇಯುವಾಗಲೋ ಓಟದ ಆರಂಭದಲ್ಲೋ ಒಂದೆರಡು ಸಲ ಬರುವ ಕೆಮ್ಮು. ಅದನ್ನು ಅಲಕ್ಷಿಸುವವರೇ ಹೆಚ್ಚು. ಆರೋಗ್ಯವಂತ ಕುದುರೆ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆಯ ಏರಿಳಿತವನ್ನು ನೋಡುತ್ತ ಗಡಿಯಾರ ಹಿಡಿದು ಇದನ್ನು ಯಾರು ಬೇಕಾದರೂ ಎಣಿಸಬಹುದು. ವ್ಯಾಧಿ ಬಲಿತಾಗ ಹೊಳ್ಳೆಗಳು ಅರಳಿ, ಉಸಿರನ್ನು ಹೊರಹಾಕಲು ಹೊಟ್ಟೆಯ ಸ್ನಾಯುಗಳು ಎರಡು ಸಲ ಒತ್ತುವಂತಾಗುತ್ತದೆ. ಆ ದುಡಿಮೆಯಿಂದ ಪಕ್ಕೆಯ ಕೆಳಗೆ ಗೆರೆಯೊಂದು ಎದ್ದು ಕಾಣುವುದೂ ಉಂಟು. ಜ್ವರವಿದ್ದರೆ ಅಥವಾ ಪ್ರಾಣಿ ಮೇವು ಬಿಟ್ಟರೆ ಅದು ಸೋಂಕಿನ ಸೂಚನೆಯಾಗಿರಬಹುದು. ಆಗಲೂ, ವಿಶ್ರಾಂತಿಯಲ್ಲಿಯೇ ಏದುಸಿರು ಕಂಡಾಗಲೂ ಪಶುವೈದ್ಯನನ್ನು ಕರೆಸಲು ತಡಮಾಡಬಾರದು.

ವೈದ್ಯನು ಶ್ವಾಸನಾಳ ಸಡಿಲಿಸುವ ಔಷಧವನ್ನೂ ಸ್ಟಿರಾಯ್ಡನ್ನೂ ಕೊಡಬಹುದು. ಆದರೆ ಧೂಳು ಮೊದಲಿನಂತೆಯೇ ಇದ್ದರೆ ಔಷಧದ ಗುಣ ನಿಲ್ಲುವುದಿಲ್ಲ. ರಾತ್ರಿಹಗಲು ಬಯಲಿನಲ್ಲಿ ಬಿಡುವುದೇ ಎಲ್ಲಕ್ಕೂ ಮೇಲಾದ ಚಿಕಿತ್ಸೆ. ತಟ್ಟುವಿನ ಮಟ್ಟಿಗೆ ತೊಡಕು ಬರುವುದು ಇಲ್ಲಿಯೇ. ಅಲ್ಪ ಮೇವಿನಲ್ಲಿಯೇ ಕೊಬ್ಬುವ ಈ ಪ್ರಾಣಿಗೆ ಸಕ್ಕರೆಯ ಅಂಶ ಹೆಚ್ಚಾದ ಎಳೆಹುಲ್ಲು ಗೊರಸಿನೊಳಗೆ ಲ್ಯಾಮಿನೈಟಿಸ್ ಎಂಬ ಯಾತನಾಮಯ ಉರಿಯೂತವನ್ನು ತರಬಲ್ಲದು. ಸ್ಟಿರಾಯ್ಡಿಗೂ ಅದೇ ಅಪವಾದವಿದೆ. ಉಸಿರನ್ನು ಉಳಿಸಹೋಗಿ ಕಾಲನ್ನು ಕಳೆಯುವಂತಾಗಬಾರದು. ಆದುದರಿಂದ ಹುಲ್ಲು ಕಡಿಮೆಯಿರುವ, ಗಾಳಿಯಾಡುವ ಆವರಣದಲ್ಲಿ ಬಿಟ್ಟು, ಹದಗೊಳಿಸಿದ ಒಣಹುಲ್ಲನ್ನೇ ಅಳೆದು ಕೊಡುವುದು ಅಂಥ ತಟ್ಟುವಿಗೆ ಒಪ್ಪುವ ಮಾರ್ಗ. 250 ಕಿಲೋ ತೂಗುವ ತಟ್ಟುವಿಗೆ ಒಣತೂಕದ ಲೆಕ್ಕದಲ್ಲಿ ದಿನಕ್ಕೆ ಸುಮಾರು 4ರಿಂದ 5 ಕಿಲೋ ಮೇವು ಬೇಕು. ತೂಗುವುದು ನೆನೆಸುವ ಮುನ್ನ. ನೆನೆಸಿದ ಹುಲ್ಲಿನ ತೂಕದಲ್ಲಿ ನೀರೇ ಹೆಚ್ಚು.

ಹುಲ್ಲನ್ನು 10ರಿಂದ 30 ನಿಮಿಷ ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಧೂಳು ಮೇಲೇಳುವುದು ಬಹಳಷ್ಟು ತಗ್ಗುತ್ತದೆ. ಮೇಲೆ ನಾಲ್ಕು ಚೊಂಬು ನೀರು ಚಿಮುಕಿಸಿದರೆ ಸಾಲದು. ಹೆಚ್ಚು ಹೊತ್ತು ನೆನೆಸಿದರೆ ಸಕ್ಕರೆಯೂ ಇಳಿಯುತ್ತದೆ, ಜೊತೆಗೆ ಖನಿಜಾಂಶಗಳೂ ಹೋಗುತ್ತವೆ. ನೆನೆದ ಹುಲ್ಲನ್ನು ಒಣಗುವ ಮುನ್ನವೇ ತಿನ್ನಿಸಬೇಕು; ಸೆಕೆಯಲ್ಲಿ ಅದು ಬೇಗ ಹುಳಿಯುವುದರಿಂದ ಉಳಿದುದನ್ನು ಎಸೆಯುವುದೇ ಲೇಸು. ಹಬೆಯಲ್ಲಿ ಬೇಯಿಸುವುದು ಇನ್ನೂ ಮೇಲು. ಬೂಷ್ಟು ಸಾಯುತ್ತದೆ, ಪೌಷ್ಟಿಕಾಂಶ ಹೆಚ್ಚು ನಷ್ಟವಾಗದು. ಆದರೆ ಕಾವು ಪಿಂಡಿಯ ನಡುವಿಗೂ ಮುಟ್ಟಬೇಕು. ಅರೆಬಿಸಿಯಾದರೆ ಬ್ಯಾಕ್ಟೀರಿಯಾಗಳು ಹೆಚ್ಚುವ ಸಂಭವವೇ ಉಂಟು. ಅರೆಒಣಗಿಸಿ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ‘ಹೇಲೇಜ್’ ಎಂಬ ಮೇವಿನಲ್ಲಿ ಧೂಳು ಕಡಿಮೆ. ಆದರೆ ಅದು ಹಲವು ವೇಳೆ ಪುಷ್ಟಿಕರವಾದುದರಿಂದ ಕೊಬ್ಬಿದ ತಟ್ಟುವಿಗೆ ಕೊಡುವಾಗ ಎಚ್ಚರ ಬೇಕು. ಹೊದಿಕೆ ಹರಿದ ಮೂಟೆಯನ್ನಂತೂ ಬಳಸಲೇಬಾರದು. ಬೂಷ್ಟು ಹಿಡಿದ ಹುಲ್ಲನ್ನು ನೆನೆಸಿ ಸರಿಪಡಿಸಬಹುದೆಂಬ ಆಸೆಯೂ ವ್ಯರ್ಥ. ಮಾಥೇರಾನಿನಂಥ ಮಳೆನಾಡಿನಲ್ಲಿ ಕುದುರೆ ಸಾಕುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೇವನ್ನು ನೆಲಮಟ್ಟದಲ್ಲಿ ಕೊಡಬೇಕು. ತಲೆ ತಗ್ಗಿಸಿ ತಿನ್ನುವಾಗ ಶ್ವಾಸನಾಳದ ಲೋಳೆ ತಾನಾಗಿ ಹೊರಕ್ಕೆ ಹರಿಯುತ್ತದೆ.

ಹಾಸಿನ ವಿಷಯದಲ್ಲಿ ಗೋಧಿ, ಬಾರ್ಲಿಗಳ ಹುಲ್ಲಿಗಿಂತ ಧೂಳು ತೆಗೆದ ಮರದ ತೆಳುಚಕ್ಕೆಯಾಗಲಿ ಕತ್ತರಿಸಿದ ಕಾಗದವಾಗಲಿ ವಾಸಿ. ಆದರೆ ಒದ್ದೆಯಾದುದನ್ನು ದಿನವೂ ತೆಗೆಯದಿದ್ದರೆ ಯಾವ ಹಾಸೂ ಒಳ್ಳೆಯದಲ್ಲ. ಮೂತ್ರದಿಂದೇಳುವ ಅಮೋನಿಯಾ ನೆಲದ ಬಳಿ ದಟ್ಟವಾಗಿದ್ದು, ಮಲಗಿದ ಪ್ರಾಣಿಯ ಶ್ವಾಸನಾಳವನ್ನು ಕೆರಳಿಸುತ್ತದೆ. ತಟ್ಟುವನ್ನು ಹೊರಗೆ ಕಟ್ಟಿಯೇ ಗುಡಿಸಬೇಕು, ಧೂಳು ಅಡಗಿದ ಮೇಲೆಯೇ ಒಳತರಬೇಕು. ಒಂದೇ ಸೂರಿನಡಿ ನೆರೆಯ ಕುದುರೆಗೆ ಒಣಹುಲ್ಲು ಹಾಸಿದ್ದರೆ, ಅಟ್ಟದ ಮೇಲೆ ಪಿಂಡಿಗಳನ್ನು ಒಟ್ಟಿದ್ದರೆ, ಇತ್ತ ಪಟ್ಟ ಶ್ರಮವೆಲ್ಲ ನೀರುಪಾಲು. ಇಷ್ಟನ್ನೂ ಪಾಲಿಸಿದರೆ ಕೆಲವು ವಾರಗಳಲ್ಲಿ ಉಸಿರು ಸರಾಗವಾಗಬಹುದು. ಆದರೆ ಪ್ರಕೃತಿಯ ಸೂಕ್ಷ್ಮತೆ ಹೋಗುವುದಿಲ್ಲ. ಬೂಷ್ಟು ಹಿಡಿದ ಒಂದೇ ಪಿಂಡಿ ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಹಳೆಯ ಪಾಡನ್ನು ಮರಳಿ ತರಬಲ್ಲದು.

ಅದೇ ಧೂಳನ್ನು ಲಾಯದ ಆಳೂ ಉಸಿರಾಡುತ್ತಾನೆಂಬುದನ್ನು ಮರೆಯುವುದುಂಟು. ಬೂಷ್ಟು ಹಿಡಿದ ಹುಲ್ಲಿನಲ್ಲಿ ದುಡಿದ ರೈತರಿಗೆ ಬಂದ ಶ್ವಾಸರೋಗವನ್ನು 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯನು ವರ್ಣಿಸಿದನು. ‘ರೈತರ ಶ್ವಾಸಕೋಶ’ವೆಂಬ ಹೆಸರು ಅದಕ್ಕೆ ಅನಂತರ ನಿಂತಿತು. ಪಿಂಡಿ ಬಿಚ್ಚುವವರು ಮೂಗುಬಾಯಿಗಳಿಗೆ ಧೂಳು ತಡೆಯುವ ಮುಖಕವಚ ಧರಿಸಬೇಕು. ಆ ಕೆಲಸದ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಕೆಮ್ಮು, ಏದುಸಿರು ಮರುಕಳಿಸುತ್ತಿದ್ದರೆ, ವೈದ್ಯರಲ್ಲಿಗೆ ಹೋದಾಗ ತಾವು ಹುಲ್ಲಿನ ಕೆಲಸ ಮಾಡುವವರೆಂಬುದನ್ನು ಮೊದಲು ತಿಳಿಸಬೇಕು.