ಹೆಚ್ಚುವರಿ ಇದೆ, ದುಡ್ಡೆಲ್ಲಿ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಖಜಾಂಚಿ ಆಗಲು ಯಾರೂ ಮುಂದೆ ಬರುವುದಿಲ್ಲ. ನಮ್ಮಲ್ಲಿ ಅದು ನನ್ನ ಕೊರಳಿಗೆ ಬಿತ್ತು. ಜೊತೆಗೇ ಲೆಕ್ಕದ ಸಾಫ್ಟ್‌ವೇರಿನ ಪಾಸ್‌ವರ್ಡೂ ಬಂತು. ಒಳಹೊಕ್ಕರೆ ವರದಿಗಳದೇ ಜಾತ್ರೆ.

ಸಮಿತಿ ನೋಡುತ್ತಿದ್ದುದು ಆದಾಯ-ವೆಚ್ಚದ ಪಟ್ಟಿಯೊಂದನ್ನೇ. ಕೊನೆಯ ಸಾಲಿನಲ್ಲಿ ‘ಹೆಚ್ಚುವರಿ’ ಕಂಡರೆ ಎಲ್ಲರಿಗೂ ನೆಮ್ಮದಿ. ಆದರೆ ಲಿಫ್ಟ್ ನಿರ್ವಹಣೆಯ ವಾರ್ಷಿಕ ಬಿಲ್ ಬಂದಾಗ ಬ್ಯಾಂಕಿನಲ್ಲಿ ಅಷ್ಟು ದುಡ್ಡಿರಲಿಲ್ಲ. “ಉಳಿತಾಯ ತೋರಿಸ್ತಿದೆಯಲ್ಲ ಸಾರ್, ದುಡ್ಡೆಲ್ಲಿ ಹೋಯ್ತು?” ಎಂದರು ಕಾರ್ಯದರ್ಶಿ.

ಹೋಗಿರಲಿಲ್ಲ, ಬಂದೇ ಇರಲಿಲ್ಲ. ತಿಂಗಳ ಮೊದಲಿಗೆ ಸಾಫ್ಟ್‌ವೇರ್ ಎಲ್ಲ ಮನೆಗೂ ಮೇಂಟೆನೆನ್ಸ್ ಬಿಲ್ ಹಾಕುತ್ತದೆ. ಹಾಕಿದ ಕೂಡಲೇ ಅದು ಆದಾಯದ ಲೆಕ್ಕಕ್ಕೆ ಸೇರುತ್ತದೆ. ನೂರು ಮನೆಗೆ ತಲಾ 4,000 ರೂಪಾಯಿ ಎಂದರೆ 4 ಲಕ್ಷ. ಹದಿನೈದು ಮನೆಯವರು ಕಟ್ಟದಿದ್ದರೂ ವರದಿಯಲ್ಲಿ 4 ಲಕ್ಷವೇ. ಕೈಗೆ ಬಾರದ 60 ಸಾವಿರ, ಬ್ಯಾಲೆನ್ಸ್ ಶೀಟಿನ ಆಸ್ತಿ ಕಡೆ ಬಾಕಿಯಾಗಿ ಕೂತಿರುತ್ತದೆ. ಲೆಕ್ಕಶಾಸ್ತ್ರಕ್ಕೆ ಇದು ಸರಿ. ಟ್ಯಾಂಕರ್ ನೀರಿನವನಿಗೆ, ಸೆಕ್ಯುರಿಟಿಯವರ ಸಂಬಳಕ್ಕೆ ನಗದೇ ಬೇಕು.

ಈಗ ನಮ್ಮ ಸಭೆ ಶುರುವಾಗುವುದೇ ಬಾಕಿ ಪಟ್ಟಿಯಿಂದ: 30 ದಿನದ್ದೆಷ್ಟು, 90 ದಾಟಿದ್ದೆಷ್ಟು? ಮೊದಲನೆಯದು ಬಹುಪಾಲು ಮರೆವು, ಒಂದು ಫೋನಿಗೆ ವಸೂಲಾಗುತ್ತದೆ. ಎರಡನೆಯದರ ಹಿಂದೆ ಸೋರುವ ಬಚ್ಚಲೋ ಪಾರ್ಕಿಂಗ್ ಜಗಳವೋ ಇರುತ್ತದೆ. ಆ್ಯಪ್ ಎಷ್ಟು ಸಲ ನೆನಪಿಸಿದರೂ ಬರುವುದಿಲ್ಲ, ಮನೆ ಬಾಗಿಲಿಗೇ ಹೋಗಬೇಕು.

ಆಮೇಲೆ ಬ್ಯಾಂಕ್ ತಾಳೆ. ಮಗ ಪುಣೆಯಿಂದ ಯುಪಿಐ ಮಾಡಿರುತ್ತಾನೆ, ಮನೆ ನಂಬರ್ ಹಾಕಿರುವುದಿಲ್ಲ. ಸ್ಟೇಟ್‌ಮೆಂಟಿನಲ್ಲಿ ಅವನ ಹೆಸರು, ನಮ್ಮ ಲೆಕ್ಕದಲ್ಲಿ ಅಪ್ಪನ ಹೆಸರು. ಜಮೆ ಸಸ್ಪೆನ್ಸ್ ಖಾತೆಗೆ ಬೀಳುತ್ತದೆ, ಪಾಪ ಅಪ್ಪನಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಾಕಿದಾರನ ಪಟ್ಟ!

ತೆರಿಗೆ ವಿಚಾರದಲ್ಲಿ ಮಾತ್ರ ಸಾಫ್ಟ್‌ವೇರನ್ನು ಮೆಚ್ಚಲೇಬೇಕು. ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ ಬರುತ್ತದೆ. ಗುತ್ತಿಗೆದಾರರಿಂದ ಹಿಡಿದ ಟಿಡಿಎಸ್ಸನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಇಂಥವನ್ನು ಅದು ಮರೆಯುವುದಿಲ್ಲ.

ಮುಂದಿನ ದೊಡ್ಡ ದುರಸ್ತಿಗಳಿಗೆಂದು ಕೂಡಿಡುವ ಸಿಂಕಿಂಗ್ ಫಂಡ್ ಬಗ್ಗೆ ಮಾತ್ರ ಪರದೆಯನ್ನು ನಂಬಬೇಡಿ. ಆ ಹಣ ಡೀಸೆಲ್‌ಗೋ ಪೇಂಟಿಂಗ್‌ಗೋ ಕರಗಿದ್ದರೂ, ಯಾರಾದರೂ ನಮೂದಿಸುವ ತನಕ ವರದಿಯಲ್ಲಿ ಅಂಕಿ ಹಾಗೇ ಇರುತ್ತದೆ. ಮುಂದಿನ ವಾರ್ಷಿಕ ಸಭೆಯಲ್ಲಿ 20 ಲಕ್ಷ ಇದೆ ಎಂದು ಓದಿದರೆ, ಎದ್ದು ನಿಂತು ಅಷ್ಟಕ್ಕೂ ಎಫ್‌ಡಿ ರಸೀದಿ ಕೇಳಿ.